ಕೈ ಚಾಚದ ಅತ್ತೆ

ಮಡಿಯುಟ್ಟಾಗ ಅತ್ತೆ ಎರಡು ಅಂಗೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಮೊಣಕೈಗಳು ಎರಡು ಕಡೆಗೂ ರೆಕ್ಕೆಯಂತೆ ನಿಂತಿರುತ್ತಿದ್ದವು. ಎಗ್ಮೋರಿನ ಆ ಇಕ್ಕಟ್ಟು ಮನೆಯಲ್ಲಿ ಯಾರಿಗೂ ತಗಲದೆ ಅಡುಗೆಮನೆ ಸೇರಲು ಅವರು ಕಂಡುಕೊಂಡಿದ್ದ ಉಪಾಯ ಅದು. ಮಧ್ಯಾಹ್ನದ ಊಟ ಮುಗಿಯುವ ತನಕ ಅವರು ಯಾರನ್ನೂ ಮುಟ್ಟುತ್ತಿರಲಿಲ್ಲ.

ನಾನಾಗ ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಐವತ್ತರ ದಶಕದ ಕೊನೆಯಿರಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಪಕ್ಕದ ಮನೆಯವರು ವರ್ಗವಾಗಿ ಹೋಗುವಾಗ ಎರಡು ಬೆಕ್ಕುಗಳನ್ನು ಬಿಟ್ಟುಹೋದರು. ಬೀಗ ಬಿದ್ದ ಬಾಗಿಲ ಮುಂದೆ ಅವು ಕೂಗುವುದನ್ನು ಕೇಳಲಾರದೆ ಅತ್ತೆ ಒಂದು ಸಂಜೆ ಕೆಂಚುಬಣ್ಣದ್ದನ್ನು, ನಮ್ಮ ಕೆಂಚನನ್ನು, ಎತ್ತಿಕೊಂಡು ಬಂದರು. ಅದರ ಹಿಂದೆಯೇ, ಗೋಡೆಗೆ ಅಂಟಿಕೊಂಡಂತೆ, ಬೂದುಬಣ್ಣದ್ದೂ ಬಂತು. ಕೆಂಚ ಮಾವನ ಪಂಚೆಯ ಮೇಲೆ ಮಲಗಿತು. ಬೂದಿ ಎಂದು ನಾವು ಕರೆದ ಇನ್ನೊಂದು ಉಗ್ರಾಣದ ಮೂಟೆಯ ಹಿಂದೆ ಸೇರಿದ್ದು ಹೊರಗೇ ಬರಲಿಲ್ಲ.

"ಇಲಿಗೆ ಒಂದು ಬೆಕ್ಕು ಪೋದುಂ," ಎಂದರು ಮಾವ. ಸಾಕು ಎನ್ನುವ ಮಾತು ಅವರಿಗೆ ತಮಿಳಿನಲ್ಲೇ ಬರುತ್ತಿತ್ತು. "ಕೆಂಚ ಇರಲಿ. ಆ ಮೂಟೆ ಸನ್ಯಾಸೀನ ಭಾನುವಾರ ಸ್ನೇಹಿತರ ಗೋಡೌನಿಗೆ ಬಿಟ್ಟು ಬರ್ತೀನಿ."

"ಕೆಂಚ ತಟ್ಟೆ ಬಿಟ್ಟು ಅದರ ಹತ್ರ ಹೋಗಿ ಕೂತ್ಕೊಳ್ಳೋದು ನೋಡಿಲ್ವಾ? ಜೋಡಿ ಒಡೆದ್ರೆ ನಿಮಗೆ ಅವನೂ ಉಳಿಯಲ್ಲ," ಎಂದರು ಅತ್ತೆ.

"ಹಾಗಾದ್ರೆ ಭಾನುವಾರದೊಳಗೆ ನಿನ್ನ ಸನ್ಯಾಸಿ ನಡುಮನೆಗೆ ಬಂದು ದರ್ಶನ ಕೊಡಲಿ."

ನಾನು ವಿಜ್ಞಾನದ ವಿದ್ಯಾರ್ಥಿ. ಹಾಲಿನ ಬಟ್ಟಲನ್ನು ದಿನಕ್ಕೊಂದು ಗೇಣು ಈಚೆಗೆ ಎಳೆದೆ, ದಾರ ಆಡಿಸಿದೆ, ಟಾರ್ಚು ಬಿಟ್ಟೆ. ಕೈ ಚಾಚಿದಷ್ಟೂ ಅದು ಒಳಗೆ ಸರಿಯಿತು.

"ಅದನ್ನ ಪರೀಕ್ಷೆಗೆ ಕೂರಿಸ್ಬೇಡೋ ಕಣ್ಣಾ," ಎಂದು ಅತ್ತೆ ನಕ್ಕರು.

ಭಾನುವಾರ ಬೆಳಿಗ್ಗೆ ಮಾವ ಬುಟ್ಟಿ ತೆಗೆದರು. ಅತ್ತೆ ಮಡಿಯುಟ್ಟು, ಒಲೆಯ ಮೇಲೆ ಬೇಳೆಯಿಟ್ಟು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡುಮನೆಯ ಕಂಬಕ್ಕೊರಗಿ ಕೂತರು. ಕೆಂಚ ಹೋಗಿ ಅವರ ಮಂಡಿಗೆ ಮೈ ಉಜ್ಜಿತು. ಉಗ್ರಾಣದ ಹೊಸ್ತಿಲಲ್ಲಿ ಒಂದು ಬೂದು ಮೂತಿ ಕಂಡಿತು. ಒಂದು ಹೆಜ್ಜೆ ಇಟ್ಟು ನಿಂತಿತು, ಮತ್ತೊಂದು ಇಟ್ಟಿತು. ಕೆಂಚನ ಬೆನ್ನು ಮೂಸಿತು. ಆಮೇಲೆ ಅತ್ತೆಯ ತೊಡೆಯೇರಿ ಕೂತೇಬಿಟ್ಟಿತು! ನನಗೆ ಕುಣಿಯಬೇಕೆನಿಸಿತು; ಕುಣಿದರೆ ಓಡಿಹೋಗುತ್ತದಲ್ಲ.

"ಮಡಿ ಹೋಯ್ತಲ್ಲೇ," ಮಾವ ಪಿಸುಗುಟ್ಟಿದರು.

"ಬೆಕ್ಕು ಮುಟ್ಟಿದ್ರೆ ಮೈಲಿಗೆಯಿಲ್ಲ. ಬುಟ್ಟಿ ಆಮೇಲೆ ಅಟ್ಟಕ್ಕೆ ಹಾಕೋರಂತೆ. ಬೇಳೆ ತಳ ಹತ್ತಿದ್ರೂ ಸರಿ, ಯಾರೂ ಅಲ್ಲಾಡ್ಬೇಡಿ."

ಅಂದು ಸೀದ ಹುಳಿ ಉಂಡೆವು. ತೊಡೆಯೇರಿದ್ದು ಕೆಂಚ ಎಂದು ನನ್ನ ತಂಗಿ ಈಗಲೂ ವಾದಿಸುತ್ತಾಳೆ. ಅವಳು ಅಲ್ಲಿರಲೇ ಇಲ್ಲ. ಬೂದಿಗೆ ಬಿಳಿ ಪಾದವಿತ್ತೋ ಇಲ್ಲವೋ ನಾನೂ ಹೇಳಲಾರೆ. ಎರಡೂ ಕಡೆತನಕ ಆ ಮನೆಯಲ್ಲೇ ಇದ್ದವು, ಅದು ಖಂಡಿತ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಆಸ್ಪತ್ರೆ ಸೇರಿದರು. ಯಾರ ಗುರುತೂ ಹತ್ತುತ್ತಿರಲಿಲ್ಲ. ಕೈ ಹಿಡಿಯಲು ಹೋದವರಿಂದ ಕೊಸರಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ತೀರಿಕೊಳ್ಳುವ ಹಿಂದಿನ ದಿನ ನಾನು ಮಂಚದ ಪಕ್ಕ ಕೂತು ನನ್ನ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಬಹಳ ಹೊತ್ತು ಹಾಗೇ ಕೂತಿದ್ದೆ. ಅವರ ಕೈ ಹಾಸಿಗೆಯ ಮೇಲೆ ಸ್ವಲ್ಪ ಸರಿಯಿತು, ನಿಂತಿತು, ಮತ್ತೆ ಸರಿದು ನನ್ನ ಮಂಡಿಯ ಮೇಲೆ ಬಂದು ಕೂತಿತು.

ನಾನು ಅಲ್ಲಾಡಲಿಲ್ಲ.