ಎಣ್ಣೆ ಅಕ್ಕ ಕೈ ಹಿಂದೆಗೆದ ದಿನ

ಬಸುರಿಯರ ಮೈ ನೀವುವ ಕೆಲಸ ಅವಳದು. ಹೆರಿಗೆ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ಆಯಾ ಆಗಿದ್ದಳು. ಅಲ್ಲಿ ಬಸುರಿಯರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಟೀಚರು ಈ ವಿದ್ಯೆಯನ್ನು ಕೈ ಹಿಡಿದು ಕಲಿಸಿದರು. ಈಗ ಮನೆಮನೆಗೆ ಹೋಗುತ್ತಾಳೆ. ಎಲ್ಲರ ಬಾಯಲ್ಲೂ ಅವಳು ಎಣ್ಣೆ ಅಕ್ಕ. ನಿಜವಾದ ಹೆಸರು ಕೇಳಿದವರಿಲ್ಲ, ಅವಳೂ ಹೇಳಲು ಹೋಗಿಲ್ಲ.

ಹೊಟ್ಟೆ ಮುಂದೆ ಬಂದ ಮೇಲೆ ಬೋರಲು ಮಲಗುವಂತಿಲ್ಲ, ಅಂಗಾತವೂ ಒಳ್ಳೆಯದಲ್ಲ. ಎಡ ಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಗೆ ಆನಿಕೆಯಾಗಿ ಇನ್ನೊಂದು ಚಿಕ್ಕದು ಕೊಟ್ಟು, ಅಕ್ಕ ಬೆನ್ನ ಹಿಂದೆ ಕೂರುತ್ತಾಳೆ. ಹೀಗಾಗಿ ಅವಳು ಕಂಡದ್ದೆಲ್ಲ ಬೆನ್ನುಗಳೇ. ಬೆನ್ನು ಮುಟ್ಟಿದರೆ ಮನೆ ತಿಳಿಯುತ್ತದೆ. ಬಲ ಹೆಗಲು ಕಲ್ಲಾಗಿದ್ದರೆ ಆ ಮನೆಯಲ್ಲಿ ಬಕೆಟ್ಟು ಎತ್ತುವವಳು ಅವಳೊಬ್ಬಳೇ. ಸೊಂಟದ ಮೇಲೆ ಎರಡು ಗಂಟು ಸಿಕ್ಕರೆ ಅದು ಇಸ್ತ್ರಿ ಮೇಜಿನ ಮುಂದೆ ನಿಂತದ್ದು. 'ನಮ್ಮ ಮನೇಲಿ ಅವಳಿಗೆ ಒಂದು ಕಡ್ಡಿ ಎತ್ತೋಕೂ ಬಿಡಲ್ಲ' ಎಂದು ಬಾಗಿಲಲ್ಲಿ ನಿಂತು ಹೇಳುವ ಅತ್ತೆಯರ ಮಾತನ್ನು ಅಕ್ಕನ ಹೆಬ್ಬೆರಳು ನಂಬುವುದಿಲ್ಲ.

ಬಸುರಿಯರು ಗೋಡೆಗೆ ಮುಖ ಮಾಡಿ ಹೇಳಿಕೊಳ್ಳುವುದನ್ನೆಲ್ಲ ಹೇಳಿಕೊಂಡು ಅರ್ಧದಲ್ಲೇ ನಿದ್ದೆ ಹೋಗುತ್ತಾರೆ. ಹೆರಿಗೆಯಾಯಿತೆಂದರೆ ಅಲ್ಲಿಗೆ ಮುಗಿಯಿತು. ಮಗು ಗಂಡೋ ಹೆಣ್ಣೋ ಎಂಬುದೂ ಅವಳಿಗೆ ತಿಳಿಯುವುದಿಲ್ಲ. ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ರಸ್ತೆಯಲ್ಲಿ ಎದುರಾದರೆ, ನಡಿಗೆಯಿಂದಲೇ ಅಕ್ಕ ಗುರುತು ಹಿಡಿಯುತ್ತಾಳೆ. ಅವರು ದಾರಿ ಬಿಡಿ ಎನ್ನುತ್ತಾರೆ. ಅಕ್ಕನ ಗಂಡ ತೀರಿಕೊಂಡು ಒಂಬತ್ತು ವರ್ಷ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವಳೊಬ್ಬಳೇ. ದಿನವಿಡೀ ಇನ್ನೊಬ್ಬರ ಮೈ ಮುಟ್ಟುವವಳ ಮೈಗೆ ತಾಗುವುದು ಬಸ್ಸಿನ ನೂಕುನುಗ್ಗಲು ಮಾತ್ರ.

ಬಟ್ಟೆ ಅಂಗಡಿಯವರ ಸೊಸೆಯದು ಮಾತ್ರ ಬೇರೆ ರೀತಿ. ಮೊದಲ ದಿನವೇ ತಲೆದಿಂಬನ್ನು ಮಂಚದ ಕಾಲ ಕಡೆಗೆ ಎಸೆದು, ಅತ್ತ ತಲೆ ಮಾಡಿ, ಬೀರುವಿನ ಕನ್ನಡಿಗೆ ಮುಖ ಮಾಡಿ ಮಲಗಿದಳು. "ಗೋಡೆ ಜೊತೆ ಏನು ಮಾತು ಅಕ್ಕ? ನಿಮ್ಮ ಮುಖ ಕಾಣ್ಲಿ," ಅಂದಳು. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಆ ಮನೆ. ಏನು ತಿಂದಿರಿ, ನಿಮ್ಮ ಯಜಮಾನರು ಹೇಗಿದ್ದರು, ನಿಮಗೆ ಸಿಟ್ಟು ಬಂದರೆ ಯಾರ ಮೇಲೆ ತೀರಿಸಿಕೊಳ್ಳುತ್ತೀರಿ ಎಂದೆಲ್ಲ ಕೇಳುತ್ತಿದ್ದಳು. ಗುರುವಾರ ಬೆಳಿಗ್ಗೆ ಅಕ್ಕ ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳು.

ಎಂಟನೇ ತಿಂಗಳಲ್ಲಿ ಒಂದು ಗುರುವಾರ, ಎಂದಿನಂತೆ ಮೊದಲು ಎರಡೂ ಮೀನಖಂಡಗಳ ಮೇಲೆ ಒಂದೊಂದು ಅಂಗೈ ಇಟ್ಟು ನೋಡಿದಳು. ಎಡಗಾಲು ಊದಿ ಬಿಸಿಯಾಗಿತ್ತು, ಬಿಗಿದುಕೊಂಡಿತ್ತು. ಅಕ್ಕ ಕೈ ತೆಗೆದಳು. ಎರಡೂ ಕಾಲು ಊದಿದರೆ ಅಷ್ಟು ಹೆದರಬೇಡ, ಒಂದೇ ಊದಿ ಬಿಸಿಯಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ನೀವಿದರೆ ಗಡ್ಡೆ ಕದಲಿ ಶ್ವಾಸಕೋಶಕ್ಕೆ ಹೋದೀತು, ಮುಟ್ಟಲೇಬೇಡ ಎಂದಿದ್ದರು ಟೀಚರು. ಈಗಲೇ ಆಸ್ಪತ್ರೆಗೆ ಹೊರಡಿ ಎಂದಳು.

ಅತ್ತೆಗೆ ನಗು ಬಂತು. ಬಸುರಿಯ ಕಾಲು ಊದದೆ ಇನ್ನೇನು, ತಾನು ಮೂರು ಹೆತ್ತಿಲ್ಲವೇ, ಇಷ್ಟಕ್ಕೆಲ್ಲ ಆಸ್ಪತ್ರೆಗೆ ಓಡಿದರೆ ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ಎಂದರು. ಅದು ಅಕ್ಕ ನಿರೀಕ್ಷಿಸಿದ್ದ ಮಾತೇ. ನಿರೀಕ್ಷಿಸದೆ ಇದ್ದದ್ದು ಹುಡುಗಿಯ ಮಾತು.

"ನಾಳೆ ಹದಿನೈದು ಜನ ಊಟಕ್ಕೆ ಬರ್ತಾರೆ ಅಕ್ಕ. ನಾನು ನಿಂತ್ಕೊಳ್ಳೋ ಹಾಗಾದ್ರೆ ಸಾಕು. ಸ್ವಲ್ಪ ಗಟ್ಟಿಯಾಗಿ ಒತ್ತಿಬಿಡಿ."

"ಒತ್ತಲ್ಲಮ್ಮ."

"ನೀವೂ ಹೀಗಂದ್ರೆ ನಾನು ಯಾರನ್ನ ಕೇಳ್ಲಿ?" ಎಂದು ಅವಳು ಕನ್ನಡಿಯಿಂದ ಮುಖ ತಿರುಗಿಸಿದಳು.

ನೀವಿದರೆ ಈ ಹುಡುಗಿ ಮತ್ತೆ ನಗುತ್ತಾಳೆ. ಆದರೆ ಅವಳ ಜೀವಕ್ಕೆ ಏನಾದೀತೋ ಗೊತ್ತಿಲ್ಲ. ಅಕ್ಕ ಕೋಣೆಯಲ್ಲಿ ಸುತ್ತ ನೋಡಿದಳು. ಹೊಲಿಗೆ ಯಂತ್ರದ ಮೇಲೆ ಅಳತೆ ಟೇಪು ಇತ್ತು. ಅದನ್ನು ಅತ್ತೆಯ ಕೈಗಿತ್ತಳು.

"ನನ್ನ ಮಾತು ಬಿಡಿ. ಮೂವತ್ತು ವರ್ಷ ಬಟ್ಟೆ ಅಳೆದ ಕೈ ನಿಮ್ಮದು. ಎರಡೂ ಕಾಲು ಅಳೀರಿ."

ಅಳತೆ ಎಂದ ಕೂಡಲೇ ಆ ಹೆಂಗಸಿನ ಮುಖವೇ ಬೇರೆಯಾಯಿತು. ಕನ್ನಡಕ ಏರಿಸಿ, ಮಂಡಿಯಿಂದ ಒಂದು ಗೇಣು ಕೆಳಗೆ ಬೆರಳಿಟ್ಟು, ಬಲಗಾಲು ಅಳೆದರು. ಅದೇ ಜಾಗದಲ್ಲಿ ಎಡಗಾಲು ಅಳೆದರು. ಟೇಪು ಸಡಿಲಾಗಿತ್ತೇನೋ ಎಂದು ಇನ್ನೊಮ್ಮೆ ಅಳೆದರು. ಒಂದೂವರೆ ಇಂಚು ಹೆಚ್ಚು. ಗಿರಾಕಿಗೆ ಅರ್ಧ ಇಂಚೂ ಬಿಟ್ಟುಕೊಡದವರು ಎದ್ದು ಮಗನಿಗೆ ಫೋನ್ ಮಾಡಿದರು.

ಕಾರು ಬಂತು. ಅತ್ತೆ, ಮಗ ಎರಡೂ ಕಡೆ ಹಿಡಿದು ಹುಡುಗಿಯನ್ನು ಕೂರಿಸಿದರು. ಬಾಗಿಲು ಹಾಕಿ ಬೀಗದ ಕೈ ಪಕ್ಕದ ಮನೆಯಲ್ಲಿ ಕೊಡಿ ಎಂದಷ್ಟೇ ಅಕ್ಕನಿಗೆ ಹೇಳಿದರು. ಅಕ್ಕ ಒಲೆ ಆರಿಸಿದಳು, ದಿಂಬುಗಳನ್ನು ಜಾಗಕ್ಕೆ ಇಟ್ಟಳು, ಮಂಚದ ಹೊದಿಕೆ ಮಡಚಿದಳು. ಕನ್ನಡಿಯಲ್ಲಿ ಈಗ ತಾನೊಬ್ಬಳೇ ಕಂಡಾಗ ಬೇಗ ಹೊರಟಳು.

ಎಂಟು ದಿನ ಸುದ್ದಿಯಿಲ್ಲ. ಹುಡುಗಿಯ ಫೋನು ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಒಂಬತ್ತನೆಯ ದಿನ ಅಕ್ಕ ಅಂಗಡಿಗೇ ಹೋದಳು. ಅತ್ತೆ ಗಲ್ಲಾದ ಹಿಂದಿದ್ದರು.

"ಹೆಪ್ಪುಗಟ್ಟಿತ್ತಂತೆ. ಇನ್ನೆರಡು ದಿನ ಬಿಟ್ಟಿದ್ರೆ ಏನಾಗ್ತಿತ್ತೋ. ದಿನಾ ಇಂಜೆಕ್ಷನ್ ಚುಚ್ತಾರೆ. ಮಗು ಚೆನ್ನಾಗಿದೆ." ದನಿ ಇಳಿಸಿ ಅಂದರು: "ಡಾಕ್ಟ್ರು ಇನ್ನು ಮೈ ನೀವೋದೆಲ್ಲ ಬೇಡ್ವೇ ಬೇಡ ಅಂದಿದ್ದಾರೆ. ತವರಿಗೆ ಕಳಿಸಿದ್ದೀವಿ. ನೀವು ಬಂದಿದ್ರಿ ಅಂತ ಹೇಳ್ತೀನಿ."

ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ ಎಂದಳು ಅಕ್ಕ. ಹಿಂದೆ ಗಿರಾಕಿ ನಿಂತಿದ್ದರು, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಆ ವಾರವೇ ಒಂದು ಹೊಸ ಮನೆಯಿಂದ ಕರೆ ಬಂತು. ಏಳನೇ ತಿಂಗಳು, ಸೊಂಟ ಹಿಡಿದುಕೊಂಡಿದೆ, ಗುರುವಾರ ಹನ್ನೊಂದಕ್ಕೆ ಬರೋಕಾಗುತ್ತಾ ಎಂದು ಕೇಳಿದರು.

"ಆ ಹೊತ್ತಿಗೆ ಒಬ್ಬರಿದ್ದಾರೆ," ಎಂದಳು ಎಣ್ಣೆ ಅಕ್ಕ. "ಬೇರೆ ಯಾವ ಹೊತ್ತಾದ್ರೂ ಬರ್ತೀನಿ."