ಹುಲಿ ಬರುವಾಗ ಓದು ನಿಲ್ಲಿಸಿದವಳು

ಬಾಂಗುಲ್ ಸತ್ತಳು. ನಮ್ಮ ನಾಜು ಊರಿನಲ್ಲಿ ಯಾರೂ ಅಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಅಕ್ಷರ ಕಲಿಸಿದವಳೂ ಅವಳೇ. ತಪ್ಪಿದ್ದರೆ ಅವಳನ್ನೇ ಬೈಯಿರಿ, ಹೇಗೂ ಬೈದು ಅಭ್ಯಾಸವಿದೆ ನಿಮಗೆ.

ಹೊಳೆದಂಡೆಯಲ್ಲಿ ಮೀನಿಗೆ ಉಪ್ಪು ಹಾಕುವವರ ಮಗಳು. ಮುಖದ ತುಂಬ ಸಿಡುಬಿನ ಕಲೆ. ದೋಣಿಯಲ್ಲಿ ಹೋದ ಗಂಡ ತಿರುಗಿ ಬರಲಿಲ್ಲ. ದೊಡ್ಡ ಮನೆಗಳ ಹೆಂಗಸರಿಗೆ ಕಥೆಪುಸ್ತಕ ಓದಿ ಹೊಟ್ಟೆ ಹೊರೆಯುತ್ತಿದ್ದಳು. ಕಥೆಯ ಹುಡುಗಿಯ ಕುತ್ತಿಗೆಗೆ ಕತ್ತಿ ಬಂತು ಅನ್ನುವಾಗ ಬಾಯಿ ಮುಚ್ಚಿಬಿಡುತ್ತಿದ್ದಳು. ಸಂತೆಯಲ್ಲಿ ಓದುವ ಗಂಡಸರೂ ಹಾಗೇ ಮಾಡುವುದು. ಕೇಳುವವರು ತಡೆಯಲಾರದೆ ಕಾಸು ಎಸೆಯಬೇಕು. ಆಮೇಲೆ ಮುಂದಿನ ಮಾತು.

ನನ್ನ ಗಂಡ ಜ್ವರದಲ್ಲಿ ಹೋದಾಗ ನನಗೆ ಹತ್ತೊಂಬತ್ತು. ಕೆಂಡದಲ್ಲಿ ಗೆಣಸು ಸುಟ್ಟು, ಅಂಗಿಯ ತೋಳಿನಲ್ಲಿ ಬಚ್ಚಿಟ್ಟು ತಂದುಕೊಡುತ್ತಿದ್ದ ಗಂಡ. ಅವನಿಲ್ಲದ ಮೇಲೆ ಅನ್ನ ಇಳಿಯಲಿಲ್ಲ. ಅದು ನನ್ನ ದುಃಖ. ಆ ಮನೆಯವರು ಅದನ್ನೂ ಕಿತ್ತುಕೊಂಡರು. ಗಂಡನ ಹಿಂದೆಯೇ ಸತ್ತ ಹೆಂಡತಿಯ ಮನೆಯ ಮುಂದೆ, ಬೀದಿಗೆ ಕಾಣುವಂತೆ, ಅರಸ ಗೌರವದ ಕೆಂಪು ಬಾಗಿಲು ಕಟ್ಟಿಸಿಕೊಡುತ್ತಾನೆ. ಮನೆತನಕ್ಕೆ ಹೆಸರು, ಗಂಡುಮಕ್ಕಳಿಗೆ ಹುದ್ದೆಯ ದಾರಿ ಸಲೀಸು.

ಸಾಯಿ ಎಂದು ಯಾರೂ ಹೇಳಲಿಲ್ಲ. ಮಾನವಂತರಲ್ಲವೇ? ಊಟದ ಬಟ್ಟಲು ತರುವುದನ್ನು ನಿಲ್ಲಿಸಿದರು, ಅಷ್ಟೇ. ಭಾವ ಬಾಗಿಲ ಹೊರಗೆ ನಿಂತು ಕೆಮ್ಮಿ, "ಏನೂ ತಗೊಳ್ತಿಲ್ವಂತೆ. ಎಂಥಾ ಗಟ್ಟಿ ಮನಸ್ಸು!" ಅಂದು ಹೋಗುತ್ತಿದ್ದ.

ನನ್ನ ಮನಸ್ಸು ಕದಲದಿರಲೆಂದು ಅತ್ತೆ ಬಾಂಗುಲ್‌ಳನ್ನು ಕರೆಸಿದಳು. ಒಬ್ಬ ಪತಿವ್ರತೆಯ ಕಥೆ. ಮಂತ್ರಿಯ ಮಗಳು, ಮಲತಾಯಿಯ ಕಾಟ, ಸುಳ್ಳು ಅಪವಾದ. ಎಲ್ಲ ಗೆದ್ದು ಮದುವೆಯಾಗಿ, ಕೊನೆಗೆ ಅನ್ನ ಬಿಟ್ಟು ಗಂಡನ ಹಿಂದೆ ಹೋಗಿ ಕೆಂಪು ಬಾಗಿಲು ಪಡೆಯುವವಳು. ಮನೆತನದ ಹೆಂಗಸರೆಲ್ಲ ಬಂದು, ಅಡಿಯಲ್ಲಿ ಒಲೆಯ ಬಿಸಿ ಹಾಯಿಸಿದ ನೆಲದ ಮೇಲೆ ಕೂತರು. ನನ್ನನ್ನು ಗೋಡೆಗೆ ಒರಗಿಸಿದ್ದರು.

ಮಲತಾಯಿಯ ಕಡೆಯವರು ಹುಡುಗಿಯನ್ನು ಹಿಮದಲ್ಲಿ ಪೈನ್ ಮರಕ್ಕೆ ಕಟ್ಟಿ ಹೋದರು. ಹಿಂದಿನಿಂದ ಹುಲಿಯ ಉಸಿರು ಕೇಳಿಸಿತು. ಬಾಂಗುಲ್ ಪುಸ್ತಕ ಮುಚ್ಚಿ ನನ್ನ ಒಡೆದ ತುಟಿ ನೋಡಿದಳು.

"ಎಲ್ಲಿ ನಿಲ್ಲಿಸ್ತೀಯೇ ಹಾಳಾದೋಳೇ! ಓದು," ಅತ್ತೆ ಕಾಸು ಎಸೆದಳು.

"ಕಾಸು ಬೇಡಿ ಅಮ್ಮಾವ್ರೇ."

"ಮತ್ತೇನು, ನನ್ನ ತಲೆ ಬೇಕಾ?"

"ನಿಮ್ಮ ಸೊಸೆಮ್ಮ ಗಂಜಿ ಕುಡೀಲಿ. ಒಂದು ಚಮಚಕ್ಕೆ ಒಂದು ಸಾಲು."



"ಅವಳಿಗೆ ಬೇಡ್ವಂತೆ," ಅಂದಳು ಅತ್ತೆ.

"ಹಂಗಾದ್ರೆ ನಂಗೂ ಗಂಟಲು ಕಟ್ಟಿದೆ."

ಮನೆತನದ ಹಿರಿಯಜ್ಜಿ, ಹಲ್ಲಿಲ್ಲದವಳು, ನೆಲ ಬಡಿದಳು. "ಗಂಜಿ ತರ್ರೇ! ಹುಲಿ ತಿಂತೋ ಬಿಡ್ತೋ ನಂಗೆ ಗೊತ್ತಾಗ್ಬೇಕು. ನಾಳೆ ಸತ್ರೆ ಹೋಗಿ ಯಮನ್ನ ಕೇಳ್ಲಾ?"

"ಅವಳೇ ಒಲ್ಲೆ ಅನ್ನೋವಾಗ, ಅಜ್ಜಿ..."

"ಅವಳು ಒಲ್ಲೆ ಅಂದ್ಳೋ, ನೀನೇ ಕೊಡ್ಲಿಲ್ವೋ? ಸೊಸೆ ಉಣ್ಣೋದು ನಿಂಗೆ ಬೇಡ್ವಾ?"

ಎಲ್ಲರೂ ಅತ್ತೆಯ ಮುಖ ನೋಡಿದರು. ಬೇಡ ಎಂದು ಬಾಯಿಬಿಟ್ಟು ಹೇಳುವುದು ಅವಳಿಂದ ಆಗಲಿಲ್ಲ. ಗಂಜಿ ಬಂತು. ಅವಳೇ ತಂದಳು.

ನಾನು ಬಾಯಿ ತೆರೆಯಲಿಲ್ಲ. ಬಾಂಗುಲ್ ಹತ್ತಿರ ಸರಿದು ಮೆಲ್ಲಗೆ ಅಂದಳು: "ಸಾಯೋದಾದ್ರೆ ನಿಮ್ಮ ಯಜಮಾನ್ರಿಗೋಸ್ಕರ ಸಾಯಿರಿ ತಾಯಿ. ಇವರ ಮರದ ಬಾಗಿಲಿಗೋಸ್ಕರ ಯಾಕೆ?"

ಸಿಟ್ಟು ಬಂತು. ಅವನು ಹೋದ ಮೇಲೆ ಮೊದಲ ಸಲ. ಆ ಸಿಟ್ಟಿಗೇ ನುಂಗಿದೆ.

ಒಂದು ಚಮಚ, ಹುಲಿ ಮೂಸಿತು. ಇನ್ನೊಂದು, ಹಗ್ಗ ಕಚ್ಚಿ ಹರಿಯಿತು. ಮತ್ತೊಂದು, ಹುಡುಗಿಯ ಪಕ್ಕದಲ್ಲೇ ಮಲಗಿ ಬೆಳಗಿನವರೆಗೂ ಮೈಬಿಸಿ ಕೊಟ್ಟಿತು. ಹೆಂಗಸರು ಗೊಳೋ ಎಂದು ಅತ್ತರು. "ಇನ್ನೊಂದು ಚಮಚ ಕುಡಿಯೇ ಬಂಗಾರ," ಅಂದರು. ಪುಸ್ತಕದ ಹುಡುಗಿಗಾಗಿ ಅಷ್ಟು ಕಣ್ಣೀರು. ನಾನು ಅಲ್ಲೇ ಕೂತಿದ್ದೆ.

ಬಟ್ಟಲು ಖಾಲಿಯಾಯಿತು. ಭಾವ ಬಾಂಗುಲ್‌ಳಿಗೆ ಕೋಲಿನಿಂದ ಹೊಡೆಸಿ ಹೊರಗೆ ಹಾಕಿಸಿದ. ಯಾವ ದೊಡ್ಡ ಮನೆಯೂ ಮತ್ತೆ ಅವಳನ್ನು ಕರೆಯಲಿಲ್ಲ. ಸಾಯುವವರೆಗೂ ಮೀನು ಸೀಳಿದಳು. ಉಪ್ಪಿನಲ್ಲಿ ಬೆರಳು ಬಿರಿದು ಪುಟ ತಿರುವಲೂ ಆಗದಂತಾಯಿತು.

ಹಿರಿಯಜ್ಜಿ ಅಂದಿನಿಂದ ದಿನವೂ ಬಂದು ನನ್ನ ಬಟ್ಟಲು ನೋಡುತ್ತಿದ್ದಳು. ಹಾಗಾಗಿ ಬದುಕಿದೆ. ಉಪ್ಪುಮೀನು ತರುವ ನೆಪ ಮಾಡಿಕೊಂಡು ಬಾಂಗುಲ್‌ಳ ಗುಡಿಸಲಿಗೆ ಹೋಗಿ ಅಕ್ಷರ ಕಲಿತೆ. ಆ ಪುಸ್ತಕವನ್ನೇ ಓದಿದೆ. ಕೊನೆಯ ಹಾಳೆಗಳಿರಲಿಲ್ಲ.

"ಅವಳು ಸಾಯೋ ಹಾಳೆ ಎಲ್ಲಿ ಅಕ್ಕಾ?"

ಬಾಂಗುಲ್ ಗುಡಿಸಲಿನ ಕಾಗದದ ಬಾಗಿಲು ತೋರಿಸಿದಳು. ಹರಿದ ಕಡೆಗೆಲ್ಲ ಅವನ್ನೇ ಅಂಟಿಸಿದ್ದಳು. "ಗಾಳಿ ತಡೀತಾ ಇದೆ. ಅದಕ್ಕಷ್ಟೇ ಲಾಯಕ್ಕು."

ಮರುವರ್ಷ ಕೆಳಬೀದಿಯ ಮನೆಗೆ ಕೆಂಪು ಬಾಗಿಲು ಬಂತು. ಅಲ್ಲಿಯ ಸೊಸೆ ನನಗಿಂತ ಚಿಕ್ಕವಳು. ಬಾಗಿಲ ಮೇಲೆ ಗಂಡನ ಹೆಸರು ಬರೆಸಿದ್ದಾರೆ, ಅವಳದಿಲ್ಲ. ಆ ಮನೆಗೆ ಬಾಂಗುಲ್‌ಳನ್ನು ಓದಲು ಕರೆದಿರಲಿಲ್ಲ.

ಅದರ ಮುಂದೆ ಹೋಗುವವರೆಲ್ಲ ತಲೆಬಾಗಿಸುತ್ತಾರೆ. ನಾನು ಸುಟ್ಟ ಗೆಣಸು ತೋಳಿನಲ್ಲಿಟ್ಟುಕೊಂಡು ಹೋಗುತ್ತೇನೆ. ಆ ಬಾಗಿಲಿಗೆ ಎದುರಾಗಿ ನಿಂತು ತಿನ್ನುತ್ತೇನೆ. ಸಿಪ್ಪೆ ಅಲ್ಲೇ ಎಸೆಯುತ್ತೇನೆ.