ಕಾಕಿಯ ಹೊಂಡದ ಕ್ಲೋರಿನ್

ಕಳೆದ ವಾರ ಬೆಳಿಗ್ಗೆ ನಲ್ಲಿ ತಿರುವಿದೊಡನೆ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಅಡರಿತು. ಹೊಳೆಗೆ ಹೊಸ ನೀರು ಬಂದಾಗ ಒಂದು ಹಿಡಿ ಹೆಚ್ಚೇ ಹಾಕುತ್ತಾರೆ. ಕೊಡ ತುಂಬಿ ಚೆಲ್ಲುತ್ತಿದ್ದರೂ ನಾನು ಹಾಗೇ ನಿಂತಿದ್ದೆ. ನರಗುಂದದ ಕಾಕಿ ನೆನಪಾಗಿದ್ದರು...

ಆಗ ನಾನು ನರಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಾಳಿಗೆಯ ಮೇಲೆ ನನ್ನ ಬಾಡಿಗೆ ಮನೆ, ಪಕ್ಕದಲ್ಲಿ ಅವರ ಮನೆ. ಮಗನದು ಪೇಟೆಯಲ್ಲಿ ಹತ್ತಿಯ ಅಡತಿ ಅಂಗಡಿ. ಓಣಿಗೆಲ್ಲ ಅವರು ಕಾಕಿ. ತವರು ಸವಡಿ, ಚಿಕ್ಕಂದಿನಲ್ಲಿ ಅಣ್ಣಂದಿರ ಜೊತೆ ಬಾವಿಗೆ ಹಾರಿ ಈಜು ಕಲಿತವರು. ವಯಸ್ಸಾದ ಮೇಲೆ ಮೊಣಕಾಲು ಹಿಡಿದುಕೊಂಡವು. ಆಪರೇಷನ್ ತಪ್ಪಬೇಕಾದರೆ ದಿನಾ ಎದೆಮಟ್ಟದ ನೀರಿನಲ್ಲಿ ನಡೆಯಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದೇ ತಡ, ಮಗ ಹಿತ್ತಲಿನಲ್ಲಿ ಸಣ್ಣದೊಂದು ಈಜುಕೊಳ ಕಟ್ಟಿಸಿಬಿಟ್ಟರು. ಕಾಕಿಗೆ ಮಾತ್ರ ಅದು ಹೊಂಡ. ಸಂಜೆಯಾಯಿತೆಂದರೆ ಮಗನ ಹಳೆಯ ಜುಬ್ಬಾ, ಪೈಜಾಮಾ ಹಾಕಿಕೊಂಡು ಇಳಿದುಬಿಡುತ್ತಿದ್ದರು.

ಸ್ವಲ್ಪ ದಿನಕ್ಕೇ ನೀರು ಹಸಿರಾಯಿತು. ಅವರ ಕಾಲಿಗೆ ತುರಿಕೆ ಹತ್ತಿತು. ಕೊಳ ಕಟ್ಟಿದವರನ್ನು ಕೇಳಿದರೆ ಇನ್ನಷ್ಟು ಪೌಡರ್ ಹಾಕಿ ಎಂದರು. ರಾತ್ರಿ ಹಾಕಿದ್ದರ ಘಾಟು ಮರುದಿನ ಸಂಜೆಗೆ ಇರುತ್ತಲೇ ಇರಲಿಲ್ಲ. ಮಗ ಬೇಸತ್ತು, “ಮಣ್ಣ ಹಾಕಿ ಮುಚ್ಚಿಬಿಡತೇನಿ ಬೇ, ಆಪರೇಷನ್ನ ಮಾಡಿಸೂಣು” ಎಂದರು. ಕಾಕಿಗೆ ಆಪರೇಷನ್ ಎಂದರೆ ಜೀವ ಹಾರುತ್ತಿತ್ತು. ಅಂದು ಸಂಜೆ ಕೆಳಗಿನಿಂದ ನನ್ನನ್ನು ಕೂಗಿದರು.

“ಅಕ್ಕೋರ, ಹಾಕಿದ್ದ ಔಷಧ ಎಲ್ಲಿಗೆ ಹೋತ್ರಿ? ನೀರು ಇಲ್ಲೇ ಐತಿ, ಗ್ವಾಡಿ ಇಲ್ಲೇ ಐತಿ.”

“ಗಾಳ್ಯಾಗ ಹೋಗಿರಬೇಕ್ರಿ ಕಾಕಿ.”

“ಹೋಗಿರಬೇಕಂದ್ರ? ನೋಡೀರೇನು?”

ನಾನು ನೋಡಿರಲಿಲ್ಲ. ಮರುದಿನ ಶಾಲೆಯ ಪ್ರಯೋಗಾಲಯದಿಂದ ಹನಿ ಔಷಧದ ಬಾಟಲಿ ತಂದೆ. ನೀರಿಗೆ ಅದರ ಹನಿ ಬಿಟ್ಟಾಗ ಹಳದಿಯಾದರೆ ಕ್ಲೋರಿನ್ ಇದೆ ಎಂದರ್ಥ. ಬಣ್ಣ ಬಾರದಿದ್ದರೆ ಇಲ್ಲ. ಮಾಡಿ ತೋರಿಸಿದೆ. ಕಾಕಿ ಬಾಟಲಿಯನ್ನು ಕೈಯಲ್ಲಿ ಹಿಡಿದು, ಮೂಸಿ ನೋಡಿ, ಇನ್ನೂ ಒಂದು ಸಲ ಮಾಡಿ ತೋರಿಸಿ ಎಂದರು.

ಅವರ ಅನುಮಾನ ಬಿಸಿಲಿನ ಮೇಲೆ. ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಬಣ್ಣವನ್ನು ತಿನ್ನುವ ಬಿಸಿಲು ಇದನ್ನು ಬಿಟ್ಟೀತೇ ಎಂಬುದು ಅವರ ವಾದ. ರವಿವಾರ ಎರಡು ಬಕೆಟ್ಟುಗಳಲ್ಲಿ ಬೋರಿನ ನೀರು ತುಂಬಿ ಒಂದೇ ಅಳತೆಯ ಪೌಡರ್ ಕಲಸಿದೆವು. ಒಂದನ್ನು ಅಂಗಳದಲ್ಲಿಟ್ಟು, ಇನ್ನೊಂದನ್ನು ಒಳಕೋಣೆಯ ಕತ್ತಲಿಗೆ ಸೇರಿಸಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಳದ ನೀರಿಗೆ ಹನಿ ಬಿಟ್ಟರೆ ಬಣ್ಣವೇ ಇಲ್ಲ. ಒಳಗಿನದು ಮಾತ್ರ ಅರಿಶಿನದ ನೀರಿನಂತೆ ಹಳದಿ! ಮರುದಿನ ಬೆಳಿಗ್ಗೆಯೂ ಅದು ಹಾಗೇ ಇತ್ತು. ಕಾಕಿ ಓಣಿಯವರನ್ನೆಲ್ಲ ಕರೆದು ತೋರಿಸಿದರು.

ಕೊಳದ ಮೇಲೆ ಹಸಿರು ನೆರಳುಬಲೆ ಕಟ್ಟಿಸಿದ್ದಾಯಿತು. ಹೊತ್ತು ಮುಳುಗಿದ ಮೇಲೆ ಕಾಕಿಯ ನಡಿಗೆ, ಅವರು ಮೇಲೆ ಬಂದ ನಂತರ ಪೌಡರ್. ಗೆದ್ದೆವು ಎಂದುಕೊಂಡೆ. ಆದರೆ ಬೆಳಕು ಹರಿಯುವ ಮೊದಲೇ ಹೋಗಿ ಹನಿ ಬಿಟ್ಟರೆ ನೀರು ಬರಿದೇ ಬರಿದು. ರಾತ್ರಿಯಿಡೀ ಬಿಸಿಲೇ ಇಲ್ಲವಲ್ಲ...

“ಅಂದ್ರ ಹೊಂಡದಾಗ ಇನ್ನೊಬ್ಬ ಕಳ್ಳ ಅದಾನ” ಎಂದರು ಕಾಕಿ. ಹಿತ್ತಲಿನ ಬೇವಿನ ಗಿಡದ ಮೇಲೆ ಅನುಮಾನಪಟ್ಟು ನೀರಿಗೆ ಉದುರಿದ ಎಲೆಯನ್ನೆಲ್ಲ ತೆಗೆಸಿದೆವು. ಫಲ ಕಾಣಲಿಲ್ಲ. ಮಗ ಆಪರೇಷನ್ನಿನ ದಿನ ಗೊತ್ತುಮಾಡಲು ಹುಬ್ಬಳ್ಳಿಗೆ ಫೋನು ಹಚ್ಚಿದರು. ಅದು ಕಿವಿಗೆ ಬಿದ್ದರೂ ಕಾಕಿ ಕೊಳದ ಅಂಚಿನಲ್ಲೇ ಕುಳಿತಿದ್ದರು. ನೀರಿನ ಮಟ್ಟದಲ್ಲಿ ಗೋಡೆಗೆ ಅಂಟಿದ್ದ ಜಿಡ್ಡಿನ ಗೆರೆಯನ್ನು ಬೆರಳಿನಿಂದ ಒರೆಸಿ ಮೂಗಿಗೆ ಹಿಡಿದರು. ಮುಖದ ಬಣ್ಣವೇ ಬದಲಾಯಿತು.

“ಬಳ್ಳೊಳ್ಳಿ ವಾಸನಿ!”

ನೀರಿಗಿಳಿಯುವ ಮೊದಲು ಕಾಲಿಗೆ ಬೆಳ್ಳುಳ್ಳಿ ಹಾಕಿ ಕಾಸಿದ ಎಳ್ಳೆಣ್ಣೆಯನ್ನು ತಿಕ್ಕಿಕೊಳ್ಳುವುದು ಅವರ ರೂಢಿ. ಆ ಎಣ್ಣೆಯೊಂದಿಗೆ ಗುದ್ದಾಡುವುದರಲ್ಲೇ ರಾತ್ರಿಯ ಕ್ಲೋರಿನ್ನೆಲ್ಲ ಸವೆಯುತ್ತಿತ್ತು. “ಕಳ್ಳನ್ನ ಹಿಡಿಯಾಕ ಹೋದ್ರ ಕಳ್ಳಿ ನಾನ ಆದ್ನೆಲ್ರಿ ಅಕ್ಕೋರ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊಳ ಖಾಲಿ ಮಾಡಿಸಿ, ತಿಕ್ಕಿ ತೊಳೆಸಿ, ಹೊಸ ನೀರು ತುಂಬಿಸಿದರು. ಎಣ್ಣೆ ತಿಕ್ಕುವುದು ರಾತ್ರಿ ಮಲಗುವ ಹೊತ್ತಿಗೆ ಹೋಯಿತು. ಕೊಳಕ್ಕಿಳಿಯುವ ಮೊದಲು ಸೀಗೆಪುಡಿಯ ಸ್ನಾನ ಬಂತು. ಅಂದಿನಿಂದ ಬೆಳಿಗ್ಗೆ ನೀರು ಹಳದಿ ತೋರಿಸಿತು. ಹುಬ್ಬಳ್ಳಿಗೆ ಹೋಗುವ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ನನ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕಾಕಿ! ಅಷ್ಟು ವರ್ಷ ಕೆಳಗಿನಿಂದಲೇ ಕೂಗುತ್ತಿದ್ದವರು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

“ಮ್ಯಾಲಿಂದ ನಮ್ಮ ಹೊಂಡ ಹ್ಯಾಂಗ ಕಾಣತೈತಿ ನೋಡೂಣಂತ ಬಂದೆ.”

ಕಿಟಕಿಯ ಬಳಿ ಬಹಳ ಹೊತ್ತು ನಿಂತರು. ಚಹಾ ಕುಡಿದು ಏಳುವಾಗ ಕೇಳಿದರು: “ಬೆಳದಿಂಗಳೂ ಸೂರ್ಯಾಂದ ಬೆಳಕು ಅಂತ ಸಾಲ್ಯಾಗ ಕಲಸ್ತೀರಿ, ಖರೇ ಹೌದಲ್ರಿ? ಹಂಗಾರ ಹುಣ್ಣಿಮಿ ದಿನ ಅದೂ ಕ್ಲೋರಿನ್ ತಿಂತೈತೇನು?”

“ಗೊತ್ತಿಲ್ರಿ ಕಾಕಿ, ಮಾಡಿ ನೋಡೂಣು” ಎಂದೆ.

ಪರೀಕ್ಷೆಗಳು ಬಂದವು. ಆಮೇಲೆ ಹೊಳೆಯಾಚೆಯ ಊರಿಗೆ ನನ್ನ ವರ್ಗವಾಯಿತು... ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ಅವರ ಮಗನ ಫೋನು ಬಂತು. ಕಾಕಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರಂತೆ. ಸಿಕ್ಕ ಬಸ್ಸು ಹತ್ತಿದೆ. ಕೊಣ್ಣೂರಿನ ಸೇತುವೆಯ ಮೇಲೆ ಮಲಪ್ರಭೆ ಹರಿಯುತ್ತಿದ್ದಳು. “ಮುಂದ ಹೋಗೂದಿಲ್ರಿ, ಇಳೀರಿ” ಎಂದ ಕಂಡಕ್ಟರ್. ಕೆಂಪು ನೀರು ನೋಡುತ್ತ ಈಚೆ ದಂಡೆಯಲ್ಲೇ ಉಳಿದೆ. ಕಾಕಿಯ ಮಣ್ಣಿಗೆ ಹೋಗಲಾಗಲಿಲ್ಲ.

ಮೊನ್ನೆ ಹುಣ್ಣಿಮೆಗೆ ಮಾಡಿ ನೋಡಿದೆ. ಪೌಡರ್ ಕಲಸಿದ ನೀರು, ಮಾಳಿಗೆಯ ಮೇಲೊಂದು ಬಟ್ಟಲು, ಕೋಣೆಯ ಕತ್ತಲಲ್ಲೊಂದು ಬಟ್ಟಲು. ಬೆಳಗಿನ ಜಾವ ಹನಿ ಬಿಟ್ಟರೆ ಎರಡೂ ಒಂದೇ ಹಳದಿ. ಬೆಳದಿಂಗಳು ಏನನ್ನೂ ತಿಂದಿರಲಿಲ್ಲ. ಕಾಕಿ ಇದ್ದಿದ್ದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ, “ಯಾಕ್ರಿ ಅಕ್ಕೋರ?” ಎಂದು ಕೇಳುತ್ತಿದ್ದರು. ಬಟ್ಟಲು ಬಗ್ಗಿಸಿ ಕೆಳಗಿಳಿದು ಬಂದೆ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.